ತೊಡುವ ದೋಣಿ: ಕಯಾಕ್ ಮತ್ತು ತಣ್ಣೀರಿನ ಚರಿತ್ರೆ

1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಜನರು ಆನೆಗೊಂದಿಯ ಕಡೆಗೆ ಹೊಳೆ ದಾಟಲು ಬಳಸುತ್ತಿದ್ದ ದೋಣಿಗಳ ವಿಷಯವನ್ನು ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿನ ಆಕಾರ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದು ಇಪ್ಪತ್ತು ಜನರನ್ನು ಅದು ಹೊರುತ್ತದೆ. ಅಗತ್ಯ ಬಿದ್ದರೆ ಕುದುರೆ, ಎತ್ತುಗಳೂ ಅದರಲ್ಲಿ ದಾಟುತ್ತವೆ. ಅದು ನಮ್ಮ ಹರಿಗೋಲು. ಪಾಯೆಸ್ ಕಂಡ ಐದಾರು ದಶಕಗಳ ಬಳಿಕ, 1576ರಲ್ಲಿ, ಮಾರ್ಟಿನ್ ಫ್ರೋಬಿಷರ್ ಎಂಬ ಇಂಗ್ಲಿಷ್ ನಾವಿಕನು ಉತ್ತರ ಅಮೆರಿಕದ ಹಿಮಾವೃತ ತೀರದಲ್ಲಿ ಚರ್ಮದ ಇನ್ನೊಂದು ದೋಣಿಯನ್ನು ಕಂಡನು. ಅದು ನೀಳವಾಗಿ, ಕಿರಿದಾಗಿ, ಮೇಲ್ಭಾಗವೆಲ್ಲ ಮುಚ್ಚಿಕೊಂಡಿದ್ದು, ನಡುವೆ ಒಬ್ಬನ ಸೊಂಟ ಹಿಡಿಸುವಷ್ಟೇ ತೆರಪನ್ನು ಹೊಂದಿತ್ತು. ಗಂಟೆಯೊಂದನ್ನು ತೋರಿಸಿ ಆ ದೋಣಿಯಲ್ಲಿದ್ದ ಮನುಷ್ಯನನ್ನು ಹತ್ತಿರಕ್ಕೆ ಕರೆದ ಫ್ರೋಬಿಷರ್, ಅವನನ್ನು ದೋಣಿಯ ಸಮೇತ ಹಡಗಿಗೆ ಎತ್ತಿಕೊಂಡು ಲಂಡನ್ನಿಗೆ ಒಯ್ದನು. ಆ ಮನುಷ್ಯ ಅಲ್ಲಿ ಕೆಲವೇ ದಿನಗಳಲ್ಲಿ ತೀರಿಕೊಂಡನು.

ಚೌಕಟ್ಟಿನ ಮೇಲೆ ಚರ್ಮ ಎಳೆದು ಕಟ್ಟುವ ತತ್ತ್ವ ಎರಡು ದೋಣಿಗಳಿಗೂ ಒಂದೇ. ಆದರೆ ಒಂದು ತೆರೆದ ಬುಟ್ಟಿ, ಇನ್ನೊಂದು ಮುಚ್ಚಿದ ಚೀಲ. ಈ ಭೇದಕ್ಕೆ ಕಾರಣಗಳು ಹಲವಿರಬಹುದಾದರೂ ಮುಖ್ಯವಾದದ್ದು ನೀರಿನ ಉಷ್ಣತೆ ಎಂದು ನಮಗೆ ತೋರುತ್ತದೆ. ತುಂಗಭದ್ರೆಯಲ್ಲಿ ಬಿದ್ದವನು ಈಜಿ ದಡ ಸೇರಬಲ್ಲನು, ಹರಿಗೋಲನ್ನು ಹಿಡಿದು ತೇಲಬಲ್ಲನು, ಕೂಗಿ ಕರೆಯಬಲ್ಲನು. ಉತ್ತರ ಧ್ರುವದ ಸಮೀಪದ ನೀರಿನಲ್ಲಿ ಬಿದ್ದವನಿಗೆ ಈ ಯಾವ ಅವಕಾಶವೂ ಇಲ್ಲ. ಆದ್ದರಿಂದ ಅಲ್ಲಿನ ಜನ ನೀರಿಗೆ ಬೀಳದಂಥ, ಮಗುಚಿದರೂ ನೀರು ಮೈಗೆ ತಾಗದಂಥ ದೋಣಿಯನ್ನು ಕಂಡುಕೊಂಡರು. ಇಂದು ಜಗತ್ತಿನ ಎಲ್ಲ ಸರೋವರಗಳಲ್ಲಿಯೂ ವಿನೋದಕ್ಕಾಗಿ ಓಡಾಡುವ ಕಯಾಕಿನ ಚರಿತ್ರೆಯನ್ನು ಓದುವಾಗ ನಮ್ಮ ಗಮನ ಸೆಳೆಯುವ ಸಂಗತಿ ಇದು: ಹೊರಗಿನವರು ದೋಣಿಯನ್ನು ಬಹುಬೇಗ ತಮ್ಮದಾಗಿಸಿಕೊಂಡರು, ಅದರ ಜೊತೆಗಿದ್ದ ತಣ್ಣೀರಿನ ವಿದ್ಯೆಯನ್ನು ಕಲಿಯಲು ಬಹಳ ಕಾಲ ತೆಗೆದುಕೊಂಡರು. ಆ ಅಂತರದಲ್ಲಿ ಅನೇಕರು ಪ್ರಾಣ ಕಳೆದುಕೊಂಡರು.

ನಾವು ಶಾಲೆಯ ಪಾಠಗಳಲ್ಲಿ ಎಸ್ಕಿಮೋ ಎಂದು ಓದಿದ ಜನ ತಮ್ಮನ್ನು ಇನುಯಿಟ್ ಎಂದು ಕರೆದುಕೊಳ್ಳುತ್ತಾರೆ. ಗ್ರೀನ್‌ಲ್ಯಾಂಡಿನ ಇನುಯಿಟ್ ಭಾಷೆಯಲ್ಲಿ ಈ ದೋಣಿಯ ಹೆಸರು ಕಯಾಕ್ ಎಂದೇ. ಮೊದಲ ಅಕ್ಷರವನ್ನು ಗಂಟಲಿನ ಆಳದಿಂದ ಉಚ್ಚರಿಸುತ್ತಾರೆ. ದೋಣಿಗೆ ಬೇಕಾದಷ್ಟು ಮರ ಆ ನೆಲದಲ್ಲಿ ಬೆಳೆಯುವುದಿಲ್ಲ. ಸೈಬೀರಿಯದ ನದಿಗಳು ಕಡಲಿಗೆ ತಳ್ಳಿದ ಮರದ ತುಂಡುಗಳು ಹಿಮದೊಡನೆ ವರ್ಷಗಟ್ಟಲೆ ತೇಲಿ ಬಂದು ದಡ ಸೇರಿದಾಗ ಅವನ್ನೇ ಆಯ್ದು ಚೌಕಟ್ಟು ಕಟ್ಟುತ್ತಿದ್ದರು. ಅಳತೆಗೋಲು ಬೇಟೆಗಾರನ ಮೈಯೇ: ಅವನ ಚಾಚಿದ ತೋಳು, ಅವನ ಸೊಂಟ, ಅವನ ಬೆರಳು. ಹೊದಿಕೆಯ ಸೀಲ್ ಚರ್ಮವನ್ನು ಹೊಲಿಯುವುದು ಹೆಂಗಸರ ಕೆಲಸ. ಸೂಜಿ ಚರ್ಮದ ಆಚೆಗೆ ತೂರದಂತೆ, ಒಂದು ಪದರದ ಅರ್ಧ ದಪ್ಪದಲ್ಲಿಯೇ ದಾರವನ್ನು ಓಡಿಸುವ ಹೊಲಿಗೆ ಅದು. ಒಂದು ಹೊಲಿಗೆ ಸಡಿಲವಾದರೆ ಗಂಡಸು ಮನೆಗೆ ಮರಳುವುದಿಲ್ಲವೆಂಬುದು ಹೊಲಿಯುವವಳಿಗೆ ತಿಳಿದಿತ್ತು.

ದೋಣಿಯ ಇನ್ನರ್ಧ ಭಾಗ ಬೇಟೆಗಾರನ ಮೈಮೇಲಿತ್ತು. ತುಯಿಲಿಕ್ ಎಂಬ ಚರ್ಮದ ಅಂಗಿ ತಲೆಯನ್ನೂ ಮುಚ್ಚುತ್ತಿತ್ತು. ಮುಖದ ಸುತ್ತ, ಮಣಿಕಟ್ಟಿನ ಸುತ್ತ ಅದನ್ನು ಬಿಗಿದು, ಅಂಗಿಯ ಕೆಳ ಅಂಚನ್ನು ದೋಣಿಯ ತೆರಪಿನ ಕಟ್ಟಿಗೆ ಸುತ್ತಿ ಕಟ್ಟಿಕೊಂಡರೆ ಮನುಷ್ಯ ಮತ್ತು ದೋಣಿ ಸೇರಿ ನೀರು ಹೊಗದ ಒಂದೇ ಒಡಲಾಗುತ್ತಿತ್ತು. ನಾವು ದೋಣಿಯನ್ನು ಹತ್ತುತ್ತೇವೆ, ಇಳಿಯುತ್ತೇವೆ. ಅವರದ್ದು ತೊಡುವ ದೋಣಿ. ಅಲೆ ಹೊಡೆದು ಅದು ಮಗುಚಿದರೆ ತಲೆಕೆಳಗಾದ ಬೇಟೆಗಾರ ಹೊರಬೀಳಲು ಯತ್ನಿಸುತ್ತಿರಲಿಲ್ಲ. ಹುಟ್ಟನ್ನು ನೀರಿನಲ್ಲಿ ಬೀಸಿ, ಸೊಂಟವನ್ನು ತಿರುವಿ, ಇನ್ನೊಂದು ಬದಿಯಿಂದ ಮೇಲೇಳುತ್ತಿದ್ದನು. ಹುಟ್ಟು ಕೈತಪ್ಪಿದರೆ ಈಟಿ ಎಸೆಯುವ ಹಲಗೆಯಿಂದ, ಅದೂ ಇಲ್ಲದಿದ್ದರೆ ಬರಿಗೈಯಿಂದ ಏಳುವ ಬಗೆಗಳಿದ್ದವು. ಜರ್ಮನಿಯ ಮೊರೇವಿಯನ್ ಮಿಷನ್ನಿಗೆ ಸೇರಿದ ಡೇವಿಡ್ ಕ್ರಾಂಟ್ಸ್ 1765ರಲ್ಲಿ ಪ್ರಕಟಿಸಿದ ಗ್ರೀನ್‌ಲ್ಯಾಂಡಿನ ಇತಿಹಾಸದಲ್ಲಿ ಇಂಥ ಹತ್ತು ವಿಧಾನಗಳನ್ನು ಒಂದೊಂದಾಗಿ ವಿವರಿಸಿದ್ದಾನೆ. ಎಂದರೆ ಆ ವಿದ್ಯೆ ಗುಟ್ಟಾಗಿರಲಿಲ್ಲ. ಯೂರೋಪಿನ ಓದುಗರ ಕಪಾಟಿನಲ್ಲಿ ಅದು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಸುಮ್ಮನೆ ಕುಳಿತಿತ್ತು.

ಇಷ್ಟೆಲ್ಲ ಸಿದ್ಧತೆಯಿದ್ದ ಆ ಜನರಿಗೂ ನೀರಿನ ಭಯ ತಪ್ಪಿರಲಿಲ್ಲ. ಪಶ್ಚಿಮ ಗ್ರೀನ್‌ಲ್ಯಾಂಡಿನ ಬೇಟೆಗಾರರಲ್ಲಿ ಕಾಣಿಸಿಕೊಳ್ಳುತ್ತಿದ್ದ ವಿಚಿತ್ರ ವ್ಯಾಧಿಯೊಂದನ್ನು ಡೆನ್ಮಾರ್ಕಿನ ವೈದ್ಯರು ದಾಖಲಿಸಿದ್ದಾರೆ. ಬಿರುಗಾಳಿಯಲ್ಲಿ ಅದು ಬರುತ್ತಿರಲಿಲ್ಲ. ಗಾಳಿಯಿಲ್ಲದೆ, ನೀರು ಕನ್ನಡಿಯಂತೆ ನಿಂತು, ಬಿಸಿಲು ಪ್ರತಿಫಲಿಸುತ್ತಿರುವಾಗ, ಸೀಲಿಗಾಗಿ ಕದಲದೆ ಕಾಯುತ್ತ ಕುಳಿತ ಒಂಟಿ ಬೇಟೆಗಾರನಿಗೆ ತಲೆ ತಿರುಗತೊಡಗುತ್ತಿತ್ತು. ದೋಣಿಯೊಳಗೆ ತಣ್ಣೀರು ತುಂಬಿಕೊಳ್ಳುತ್ತಿದೆ, ಸೊಂಟದ ಕೆಳಗೆ ಮರಗಟ್ಟುತ್ತಿದೆ ಎಂಬ ಭ್ರಮೆ ಹುಟ್ಟಿ ಕೈ ಆಡಿಸಲಾಗದೆ ಕೂರುತ್ತಿದ್ದನು. ಗಾಳಿ ಎದ್ದು ನೀರು ಕಲಕಿದರೆ, ಇಲ್ಲವೇ ಜೊತೆಗಾರನೊಬ್ಬ ಬಂದು ದೋಣಿಯನ್ನು ಮುಟ್ಟಿದರೆ ಅದು ಬಿಡುತ್ತಿತ್ತು. ಒಮ್ಮೆ ಬಂದ ಮೇಲೆ ಮತ್ತೆ ದೋಣಿ ಹೂಡದೆ ಉಳಿದವರೂ ಇದ್ದರು. ನಿಶ್ಚಲ ನೀರನ್ನು ನೋಡಿ ಸುರಕ್ಷಿತವೆಂದು ಭಾವಿಸುವ ನಮಗೆ ಈ ದಾಖಲೆ ಯೋಚಿಸಲು ಹಚ್ಚುತ್ತದೆ.

ಯೂರೋಪಿನಲ್ಲಿ ಕಯಾಕ್ ವಿನೋದದ ದೋಣಿಯಾದದ್ದು ಸ್ಕಾಟ್ಲೆಂಡ್ ಮೂಲದ ವಕೀಲ ಜಾನ್ ಮೆಕ್‌ಗ್ರೆಗರನಿಂದ. ಉತ್ತರದ ನಾಡುಗಳಲ್ಲಿ ಕಂಡಿದ್ದ ದೋಣಿಗಳನ್ನು ನೆನಪಿನಲ್ಲಿಟ್ಟುಕೊಂಡು ಅವನು 1865ರಲ್ಲಿ ಲಂಡನ್ನಿನಲ್ಲಿ ಓಕ್ ಮರದ ದೋಣಿಯೊಂದನ್ನು ಕಟ್ಟಿಸಿ, ಅದಕ್ಕೆ ರಾಬ್ ರಾಯ್ ಎಂದು ಹೆಸರಿಟ್ಟನು. ಎರಡು ತುದಿಗೂ ಅಲಗಿರುವ ಹುಟ್ಟು ಹಿಡಿದು ರೈನ್, ಡ್ಯಾನ್ಯೂಬ್ ನದಿಗಳಲ್ಲಿ, ಕಾನ್‌ಸ್ಟನ್ಸ್, ಜ್ಯೂರಿಕ್, ಲ್ಯೂಸರ್ನ್ ಸರೋವರಗಳಲ್ಲಿ ಸುತ್ತಾಡಿ, ಮರುವರ್ಷ ಅದನ್ನು ಪುಸ್ತಕವಾಗಿ ಬರೆದಾಗ ಇಂಗ್ಲೆಂಡಿನ ಮಧ್ಯಮ ವರ್ಗ ಮರುಳಾಯಿತು. ಜರ್ಮನಿಯಲ್ಲಿ ಆಲ್ಫ್ರೆಡ್ ಹಾಯ್ರಿಖ್ ಎಂಬ ವಿದ್ಯಾರ್ಥಿ 1905ರಲ್ಲಿ ಮಡಿಸಬಹುದಾದ ಕಯಾಕನ್ನು ರಚಿಸಿದನು. ರೋಸನ್‌ಹೈಮಿನ ದರ್ಜಿ ಯೋಹಾನ್ ಕ್ಲೆಪ್ಪರ್ 1907ರಲ್ಲಿ ಅದರ ಹಕ್ಕನ್ನು ಕೊಂಡು ಮಾರಾಟಕ್ಕಿಳಿದನು. ಈಗ ಚರ್ಮದ ಸ್ಥಾನದಲ್ಲಿ ರಬ್ಬರು ಲೇಪಿಸಿದ ಬಟ್ಟೆ ಬಂದಿತ್ತು. ದೋಣಿಯನ್ನು ಚೀಲದಲ್ಲಿ ತುಂಬಿ, ರೈಲಿನಲ್ಲಿ ಹಾಕಿಕೊಂಡು, ವಾರದ ರಜೆಗೆ ಆಲ್ಪ್ಸ್ ತಪ್ಪಲಿನ ಸರೋವರಕ್ಕೆ ಹೋಗಿ ಬರುವುದು ಸಾಧ್ಯವಾಯಿತು. ಮುಂದೆ 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಕಯಾಕ್ ಸ್ಪರ್ಧೆಗಳೂ ನಡೆದವು. ಈ ಎಪ್ಪತ್ತು ವರ್ಷಗಳ ಪಯಣದಲ್ಲಿ ಆಕಾರ ಉಳಿಯಿತು, ಹುಟ್ಟು ಉಳಿಯಿತು, ಹೆಸರೂ ಉಳಿಯಿತು. ತುಯಿಲಿಕ್ ಮಾತ್ರ ಹಿಂದೆ ಬಿತ್ತು. ಬೇಸಗೆಯಲ್ಲಿ ಆಡುವವರಿಗೆ ಅದರ ಅಗತ್ಯವೂ ತೋರಲಿಲ್ಲ.

ತಣ್ಣೀರಿನ ವಿದ್ಯೆಯನ್ನು ಗಂಭೀರವಾಗಿ ತೆಗೆದುಕೊಂಡ ಮೊದಲಿಗರಲ್ಲಿ ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ಒಬ್ಬನು. 1888ರಲ್ಲಿ ಗ್ರೀನ್‌ಲ್ಯಾಂಡಿನ ಹಿಮಪೀಠವನ್ನು ದಾಟಿದ ಅವನು, ಮರಳುವ ಹಡಗು ತಪ್ಪಿದ್ದರಿಂದ ಚಳಿಗಾಲವನ್ನು ಈಗ ನೂಕ್ ಎಂದು ಕರೆಯುವ ಊರಿನಲ್ಲಿ ಕಳೆಯುತ್ತ ಸ್ಥಳೀಯರಿಂದ ಕಯಾಕ್ ಕಲಿತನು. 1891ರಲ್ಲಿ ಆ ಜನಜೀವನದ ಮೇಲೆ ಪುಸ್ತಕವನ್ನೂ ಬರೆದನು. ಉತ್ತರ ಧ್ರುವದತ್ತ ಹೊರಟು ಹಿಂದಿರುಗುವಾಗ, 1896ರ ಜೂನ್‌ನಲ್ಲಿ, ಅವನೂ ಸಂಗಡಿಗ ಯೋಹಾನ್ಸೆನ್ನನೂ ದಿಬ್ಬವೊಂದನ್ನೇರಿ ದಾರಿ ನೋಡುತ್ತಿದ್ದಾಗ, ಕಟ್ಟಿದ್ದ ಹಗ್ಗ ಬಿಚ್ಚಿಕೊಂಡು ಎರಡೂ ಕಯಾಕುಗಳು ತೇಲಿಹೋದವು. ಇದ್ದಬದ್ದ ಸಾಮಾನೆಲ್ಲ ಅವುಗಳಲ್ಲಿತ್ತು. ನಾನ್ಸೆನ್ ಹಿಮನೀರಿಗೆ ಧುಮುಕಿ ಈಜಿದನು. ಕೈಕಾಲು ಮರಗಟ್ಟುತ್ತ, ಇನ್ನು ಆಗದೆನ್ನುವ ಹಂತದಲ್ಲಿ ದೋಣಿ ಕೈಗೆ ಸಿಕ್ಕಿತು. ಹತ್ತಲು ಬಲವಿಲ್ಲದೆ ಹೇಗೋ ಕಾಲೊಂದನ್ನು ಮೇಲೆ ಹಾಕಿ ಉರುಳಿಕೊಂಡನು. ಗಡಗಡ ನಡುಗುತ್ತ ಹುಟ್ಟು ಹಾಕುವಾಗಲೂ ಎದುರಿಗೆ ಕಂಡ ಎರಡು ಕಡಲಹಕ್ಕಿಗಳನ್ನು ಊಟಕ್ಕೆಂದು ಹೊಡೆದುಕೊಂಡು ಬಂದನು. ಯೋಹಾನ್ಸೆನ್ ಅವನ ಒದ್ದೆ ಬಟ್ಟೆ ಕಳಚಿ, ಮಲಗುವ ಚೀಲದೊಳಗೆ ಹಾಕಿ ಬದುಕಿಸಿದನು. ಇಲ್ಲಿ ಕೆಲಸ ಮಾಡಿದ್ದು ಸಾಹಸದ ಜೊತೆಗೆ ಸಂಗಡಿಗನ ಇರವು ಎಂಬುದನ್ನು ಮರೆಯಬಾರದು.

ನಾನ್ಸೆನ್ನನಂಥವರ ಬರಹಗಳನ್ನು ಓದಿಯೇ ವಿದ್ಯೆಯನ್ನು ಸಾಧಿಸಿದವನು ಆಸ್ಟ್ರಿಯಾದ ಎಡಿ ಹಾನ್ಸ್ ಪಾವ್ಲಾಟಾ. ಕಲಿಸುವವರು ಅವನಿಗೆ ಯಾರೂ ಇರಲಿಲ್ಲ. ಪುಸ್ತಕಗಳಲ್ಲಿದ್ದ ವರ್ಣನೆಗಳನ್ನು ಹಿಡಿದು ಯತ್ನಿಸುತ್ತ, 1927ರ ಬೇಸಗೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 930 ಮೀಟರ್ ಎತ್ತರದಲ್ಲಿರುವ ವೈಸೆನ್‌ಸೇ ಎಂಬ ಬೆಟ್ಟದ ಸರೋವರದಲ್ಲಿ ಅವನು ಮಗುಚಿದ ಕಯಾಕನ್ನು ಎತ್ತಿ ಕೂತನು. ಕ್ರಾಂಟ್ಸನ ಪುಸ್ತಕ ಬಂದು ಆಗಲೇ 162 ವರ್ಷಗಳಾಗಿದ್ದವು. ಅಕ್ಷರದಲ್ಲಿ ಮಲಗಿದ್ದ ವಿದ್ಯೆಯನ್ನು ಒಬ್ಬ ಓದುಗ ಮೈಗೆ ತಂದುಕೊಂಡ ಈ ಪ್ರಸಂಗ, ಓದನ್ನೇ ನೆಚ್ಚಿಕೊಂಡ ನಮ್ಮಂಥವರಿಗೆ ಸಂತೋಷ ಕೊಡುವಂಥದು. ಇಂದಿಗೂ ಕಯಾಕ್ ಕಲಿಸುವವರು ಆ ವಿಧಾನವನ್ನು ಪಾವ್ಲಾಟಾ ಹೆಸರಿನಿಂದಲೇ ಕರೆಯುತ್ತಾರೆ.

ಆದರೆ ವಿದ್ಯೆಯೊಂದೇ ಸಾಲದು ಎಂಬುದಕ್ಕೆ ಐದೇ ವರ್ಷಗಳಲ್ಲಿ ಸಾಕ್ಷಿ ಸಿಕ್ಕಿತು. ಇಂಗ್ಲೆಂಡಿನ ಜೀನೊ ವಾಟ್ಕಿನ್ಸ್ 1930-31ರಲ್ಲಿ ಗ್ರೀನ್‌ಲ್ಯಾಂಡಿನ ಮೇಲೆ ವಿಮಾನಮಾರ್ಗದ ಶೋಧಕ್ಕಾಗಿ ಹೋದ ತಂಡದ ನಾಯಕ. ಪೂರ್ವ ತೀರದ ಬೇಟೆಗಾರರಿಂದ ಅವನೂ ಅವನ ಗೆಳೆಯರೂ ಕಯಾಕಿನ ಬೇಟೆಯನ್ನೂ ಮಗುಚಿ ಏಳುವುದನ್ನೂ ಕಲಿತರು. ಯೂರೋಪಿನವರಲ್ಲಿ ಅವನಷ್ಟು ಚೆನ್ನಾಗಿ ಬಲ್ಲವರು ಆಗ ವಿರಳ. 1932ರ ಆಗಸ್ಟ್ 20ರಂದು, ಎರಡನೆಯ ಯಾತ್ರೆಯ ವೇಳೆ, ಲೇಕ್ ಫ್ಯೋರ್ಡ್ ಎಂಬ ಕಡಲ ಕಿರುಗಾಲುವೆಯಲ್ಲಿ ಸೀಲ್ ಬೇಟೆಗೆಂದು ಅವನೊಬ್ಬನೇ ಹೊರಟನು. ಗೆಳೆಯರಿಗೆ ಸಿಕ್ಕಿದ್ದು ತೇಲುತ್ತಿದ್ದ ಅವನ ಕಯಾಕು, ಹಿಮದ ಹಲಗೆಯ ಮೇಲೆ ಅವನ ಷರಾಯಿ ಮತ್ತು ನಡುಪಟ್ಟಿ. ಬಹುಶಃ ಹಿಮದ ಮೇಲೆ ಇಳಿದಿದ್ದವನು ತೇಲಿಹೋಗುತ್ತಿದ್ದ ದೋಣಿಗಾಗಿ ನೀರಿಗೆ ಹಾರಿರಬೇಕು. ದೇಹ ಸಿಗಲೇ ಇಲ್ಲ. ಅವನಿಗೆ ವಯಸ್ಸು 25. ನಾನ್ಸೆನ್ನನಿಗೆ ದಡದಲ್ಲಿ ಯೋಹಾನ್ಸೆನ್ ಇದ್ದನು. ವಾಟ್ಕಿನ್ಸನಿಗೆ ಯಾರೂ ಇರಲಿಲ್ಲ.

ಅದೇ 1932ರಲ್ಲಿ ಇನ್ನೊಬ್ಬ ಯುವಕ ಇದೇ ಜಾತಿಯ ದೋಣಿಯಲ್ಲಿ ಬೇರೊಂದು ದಿಕ್ಕಿಗೆ ಹೊರಟಿದ್ದನು. ಜರ್ಮನಿಯ ಓಸ್ಕರ್ ಸ್ಪೆಕ್, ಕೆಲಸವಿಲ್ಲದ ಕಾಲದಲ್ಲಿ, ಸೈಪ್ರಸ್ಸಿನ ತಾಮ್ರದ ಗಣಿಗಳಲ್ಲಿ ದುಡಿಯೋಣವೆಂದು ಉಲ್ಮ್ ನಗರದಲ್ಲಿ ತನ್ನ ಮಡಿಸುವ ಕಯಾಕನ್ನು ಡ್ಯಾನ್ಯೂಬ್ ನದಿಗೆ ಇಳಿಸಿದವನು, ಅಲ್ಲಿ ನಿಲ್ಲದೆ ಏಳು ವರ್ಷ ಹುಟ್ಟು ಹಾಕಿ 1939ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಅಂಚಿನ ದ್ವೀಪ ತಲುಪಿದನು. ಯುದ್ಧ ಆರಂಭವಾಗಿದ್ದರಿಂದ ಶತ್ರು ದೇಶದವನೆಂದು ಅವನನ್ನು ಬಂಧಿಸಲಾಯಿತು. ಅವನ ಹಾದಿ ಭಾರತದ ಪಶ್ಚಿಮ ಕರಾವಳಿಯಗುಂಟ ಸಿಂಹಳದವರೆಗೆ, ಮತ್ತೆ ಪೂರ್ವ ಕರಾವಳಿಯಗುಂಟ ಸಾಗಿತ್ತು. ನಮ್ಮ ಕಾರವಾರ, ಮಂಗಳೂರುಗಳ ಮುಂದಿನ ಕಡಲೂ ಆ ಹಾದಿಯಲ್ಲಿಯೇ ಬರುತ್ತದೆ. ಮಲೇರಿಯಾ, ಹಡಗುಕಳ್ಳರು, ಮಳೆಗಾಲದ ಅಲೆ ಇವೆಲ್ಲ ಅವನನ್ನು ಕಾಡಿದವು. ಆದರೆ ಅರಬ್ಬೀ ಸಮುದ್ರದ ನೀರು ಬೆಚ್ಚಗಿತ್ತು. ಬಿದ್ದವನಿಗೆ ಯೋಚಿಸಲು, ಈಜಲು, ದೋಣಿ ಸರಿಪಡಿಸಲು ಅದು ಗಂಟೆಗಟ್ಟಲೆ ಸಮಯ ಕೊಡುತ್ತದೆ. ತಣ್ಣೀರು ಕೊಡುವುದಿಲ್ಲ.

ಏಕೆ ಕೊಡುವುದಿಲ್ಲ ಎಂಬುದನ್ನು ಶರೀರವಿಜ್ಞಾನ ಸ್ಪಷ್ಟಪಡಿಸಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಹೀರಿಕೊಳ್ಳುತ್ತದೆ. ಆದರೂ ಮೈ ತಣ್ಣಗಾಗಿ ಸಾಯುವುದಕ್ಕೆ ಮೊದಲೇ ಬೇರೆ ಅಪಾಯಗಳಿವೆ. ಕೆನಡಾದ ಮನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನು ಒಂದು, ಹತ್ತು, ಒಂದು ಎಂಬ ಸುಲಭ ಸೂತ್ರದಲ್ಲಿ ಹೇಳುತ್ತಾರೆ. ಹಿಮದಷ್ಟು ತಣ್ಣಗಿರುವ ನೀರಿಗೆ ಬಿದ್ದ ಮೊದಲ 1 ನಿಮಿಷ ಉಸಿರು ನಮ್ಮ ಹತೋಟಿಯಲ್ಲಿರುವುದಿಲ್ಲ; ಬಾಯಿ ತಾನಾಗಿ ತೆರೆದು ಏದುಸಿರು ಬರುತ್ತದೆ, ಆ ಕ್ಷಣ ತಲೆ ನೀರೊಳಗಿದ್ದರೆ ಅಲ್ಲಿಗೆ ಮುಗಿಯಿತು. ನಂತರದ 10 ನಿಮಿಷ ಕೈಬೆರಳುಗಳು ಕೆಲಸಕ್ಕೆ ಬರುತ್ತವೆ. ಆಮೇಲೆ ಒಳ್ಳೆಯ ಈಜುಗಾರನಿಗೂ ಹಗ್ಗ ಹಿಡಿಯಲಾಗದು. ಪ್ರಜ್ಞೆ ತಪ್ಪುವುದಕ್ಕೆ ಸುಮಾರು 1 ಗಂಟೆ ಬೇಕು, ಆದರೆ ತೇಲಿಸುವ ಜಾಕೆಟ್ ಇದ್ದವನಿಗೆ ಮಾತ್ರ ಆ ಗಂಟೆ ದೊರೆಯುತ್ತದೆ. ಗ್ರೀನ್‌ಲ್ಯಾಂಡಿನ ಬೇಟೆಗಾರರ ಅಂಗಿ ಮುಖದ ಸುತ್ತ ಏಕೆ ಅಷ್ಟು ಬಿಗಿಯಾಗಿತ್ತು, ಅವರು ದೋಣಿಯಿಂದ ಹೊರಬೀಳದಿರಲು ಏಕೆ ಅಷ್ಟು ಬಗೆಗಳನ್ನು ಕಲಿತಿದ್ದರು ಎಂಬುದು ಈ ಸೂತ್ರವನ್ನು ಓದಿದ ಮೇಲೆ ಅರ್ಥವಾಗುತ್ತದೆ.

ಸರೋವರದ ವಿಷಯದಲ್ಲಿ ಇನ್ನೊಂದು ಮಾತಿದೆ. ನೀರು ಅತ್ಯಂತ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಚಳಿ ನಾಡಿನ ಆಳವಾದ ಸರೋವರಗಳಲ್ಲಿ ಆ ಭಾರದ ನೀರು ತಳದಲ್ಲಿ ವರ್ಷವಿಡೀ ಉಳಿಯುತ್ತದೆ. ಮೇಲ್ಪದರವೂ ಬಹಳ ನಿಧಾನವಾಗಿ ಕಾಯುತ್ತದೆ. ದಡದಲ್ಲಿ ಹೂವರಳಿ, ಬಿಸಿಲು ಹಿತವಾಗಿ, ಅಂಗಿ ಕಳಚುವಂತಾಗುವ ವಸಂತದ ದಿನ ನೀರು ಇನ್ನೂ ಚಳಿಗಾಲದಲ್ಲಿಯೇ ಇರುತ್ತದೆ. ಜನರು ಗಾಳಿಯನ್ನು ನೋಡಿ ಉಡುಪು ತೊಡುತ್ತಾರೆ, ಬೀಳುವುದು ನೀರಿಗೆ.

1950ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ನಿಯೋಪ್ರೀನ್ ರಬ್ಬರಿನ ಮೈಯಂಗಿಯನ್ನು ರೂಪಿಸಿದಾಗ, ತುಯಿಲಿಕ್ ಬಿಟ್ಟುಹೋಗಿದ್ದ ಜಾಗ ತುಂಬತೊಡಗಿತು. ಆದರೆ ಉಡುಪು ಸಿಗುವುದು ಬೇರೆ, ಅದನ್ನು ತೊಡಿಸುವ ಶಿಸ್ತು ಬೇರೆ. 1993ರ ಮಾರ್ಚ್ 22ರಂದು ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ ಕಯಾಕ್ ಕಲಿಯಲು ಹೋದ ಎಂಟು ಶಾಲಾ ಮಕ್ಕಳಲ್ಲಿ ನಾಲ್ವರು ತಣ್ಣೀರಿನಲ್ಲಿ ಗಂಟೆಗಟ್ಟಲೆ ಇದ್ದು ಸತ್ತರು. ಅದರ ಪರಿಣಾಮವಾಗಿ 1995ರಲ್ಲಿ, ಮಕ್ಕಳಿಗೆ ಸಾಹಸ ಕ್ರೀಡೆ ನಡೆಸುವ ಕೇಂದ್ರಗಳು ಪರವಾನಗಿ ಪಡೆಯಬೇಕೆಂಬ ಕಾನೂನು ಬಂತು. ಕಾನೂನು ಮಕ್ಕಳನ್ನು ಕಾಯಬಹುದು. ಅನುಭವಿಗಳನ್ನು ಕಾಯುವುದು ಕಷ್ಟ. 2015ರ ಡಿಸೆಂಬರ್ 8ರಂದು ಚಿಲಿ ದೇಶದ ಜನರಲ್ ಕರೇರಾ ಸರೋವರದಲ್ಲಿ ಡಗ್ಲಸ್ ಟಾಂಪ್ಕಿನ್ಸ್ ಇದ್ದ ಇಬ್ಬರ ಕಯಾಕು ಗಾಳಿಯ ಅಲೆಗಳಿಗೆ ಮಗುಚಿತು. ಹಿಮನದಿಗಳ ನೀರುಂಡ ಸರೋವರ ಅದು. ಚಳಿಗಾಲದ ಉಡುಪು ಸಲಕರಣೆಗಳಿಗೆ ಜಗತ್ತಿನೆಲ್ಲೆಡೆ ಹೆಸರಾದ ನಾರ್ತ್ ಫೇಸ್ ಸಂಸ್ಥೆಯನ್ನು ಸ್ಥಾಪಿಸಿದವರು, ಆಮೇಲೆ ತಮ್ಮ ಸಂಪತ್ತನ್ನೆಲ್ಲ ಪೆಟಗೋನಿಯದ ಕಾಡುಗಳನ್ನು ಉಳಿಸಲು ಸುರಿದವರು ಅವರು. ದಶಕಗಳ ಅನುಭವವಿತ್ತು, ಸಂಗಡಿಗರೂ ಇದ್ದರು. ಜೊತೆಯಲ್ಲಿ ಬಿದ್ದ ರಿಕ್ ರಿಜ್‌ವೇ ಬದುಕಿ ಉಳಿದರು. 72 ವರ್ಷದ ಟಾಂಪ್ಕಿನ್ಸ್ ಹೆಲಿಕಾಪ್ಟರಿನಲ್ಲಿ ಆಸ್ಪತ್ರೆ ಸೇರಿದರೂ ಮೈಯ ಶಾಖ ಮರಳಲಿಲ್ಲ. ಆ ದಕ್ಷಿಣ ದೇಶದಲ್ಲಿ ಅದು ಬೇಸಗೆಯ ಆರಂಭ.

ಗ್ರೀನ್‌ಲ್ಯಾಂಡಿನಲ್ಲಿಯೇ ಈ ವಿದ್ಯೆ ಒಂದು ಕಾಲಕ್ಕೆ ಕೈಬಿಟ್ಟು ಹೋಗುವಂತಿತ್ತು. ಮೋಟಾರು ದೋಣಿಗಳೂ ಮೀನುಗಾರಿಕೆಯೂ ಬಂದ ಮೇಲೆ ಕಯಾಕುಗಳು ಮೂಲೆ ಸೇರಿದವು. ಹಳೆಯವು ಹಲವು ಯೂರೋಪಿನ ವಸ್ತುಸಂಗ್ರಹಾಲಯಗಳಲ್ಲಿದ್ದವು. 1980ರ ದಶಕದಲ್ಲಿ ಅಲ್ಲಿನ ಯುವಕರು ಸಂಘ ಕಟ್ಟಿಕೊಂಡು, ಬದುಕಿದ್ದ ಹಿರಿಯರ ಬಳಿ ಕೂತು ಮತ್ತೆ ಕಲಿತರು. ಈಗ ಆ ಸಂಘ ನಡೆಸುವ ರಾಷ್ಟ್ರೀಯ ಕೂಟದಲ್ಲಿ ಓಟದ ಜೊತೆಗೆ ಮಗುಚಿ ಏಳುವುದೂ ಒಂದು ಸ್ಪರ್ಧೆ. ಹುಟ್ಟಿನಿಂದ, ಹಲಗೆಯಿಂದ, ಬರಿಗೈಯಿಂದ, ಎಡಬಲ ಎರಡೂ ಬದಿಗೆ ಎದ್ದು ತೋರಿಸಬೇಕು. ತುಯಿಲಿಕ್ ಆಕಾರದ ಅಂಗಿಯನ್ನು ಈಗ ನಿಯೋಪ್ರೀನಿನಲ್ಲಿ ಹೊಲಿಯುತ್ತಾರೆ. ಇತರ ದೇಶದವರೂ ಅಲ್ಲಿಗೆ ಹೋಗಿ ಸ್ಪರ್ಧಿಸುತ್ತಾರೆ. ದೋಣಿ ಮನೆ ಬಿಟ್ಟು ಹೋದ ನಾಲ್ಕು ಶತಮಾನಗಳ ನಂತರ, ವಿದ್ಯೆಯನ್ನು ಅದರ ಮನೆಯಲ್ಲಿಯೇ ಕೇಳಿ ಕಲಿಯುವ ಕ್ರಮ ಈಗ ಏರ್ಪಟ್ಟಿದೆ.

ಇದೆಲ್ಲ ದೂರದ ಕಥೆಯೆಂದು ನಾವು ಭಾವಿಸಬೇಕಾಗಿಲ್ಲ. ನಮ್ಮಲ್ಲಿ ಅನೇಕರು ಕಯಾಕನ್ನು ಮೊದಲು ಕಂಡದ್ದು ಶರಾವತಿಯ ಹಿನ್ನೀರಿನ ಹೊನ್ನೆಮರಡಿನಂಥ ಕಡೆ. ಅಲ್ಲಿ ಬಿದ್ದರೆ ನಗುತ್ತ ಏಳಬಹುದು. ದೆಹಲಿಯಲ್ಲಿ ನೆಲೆಸಿದ ನಾವು, ಪುಣೆ, ಹೈದರಾಬಾದಿನಿಂದ ರಜೆಗೆ ಬರುವ ನೆಂಟರನ್ನು ಕರೆದುಕೊಂಡು ಹೋಗುವ ಟಿಹರಿ ಜಲಾಶಯದಲ್ಲಿಯೂ ನೌಕುಚಿಯಾತಾಲಿನಲ್ಲಿಯೂ ಈಗ ಕಯಾಕುಗಳು ಬಾಡಿಗೆಗೆ ಸಿಗುತ್ತವೆ. ಟಿಹರಿಯಲ್ಲಿ ನಿಂತಿರುವುದು ಹಿಮಾಲಯದಿಂದ ಇಳಿದು ಬಂದ ಭಾಗೀರಥಿ ಮತ್ತು ಭಿಲಂಗನಾ ನದಿಗಳ ನೀರು. ಡಿಸೆಂಬರಿನ ಎಳೆಬಿಸಿಲಿನಲ್ಲಿ ದೋಣಿ ಒಂದೇ, ಹುಟ್ಟು ಒಂದೇ, ನೀರು ಬೇರೆ. ಹೊನ್ನೆಮರಡಿನ ನೆನಪನ್ನು ಹಿಡಿದು ಅಲ್ಲಿ ದೋಣಿ ಹತ್ತಬಾರದು. ಜಾಕೆಟ್ಟಿನ ಎಲ್ಲ ಪಟ್ಟಿಗಳನ್ನೂ ಬಿಗಿಯುವುದು, ದಡದಗುಂಟ ಸಾಗುವುದು, ಒಂಟಿಯಾಗಿ ಹೋಗದಿರುವುದು, ಮಧ್ಯಾಹ್ನದ ಗಾಳಿ ಏಳುವ ಮುನ್ನ ಮರಳುವುದು, ಬಿದ್ದರೆ ಮೊದಲ ನಿಮಿಷ ಈಜಲು ಒದ್ದಾಡದೆ ದೋಣಿಯನ್ನು ಹಿಡಿದು ಉಸಿರು ಸ್ಥಿಮಿತಕ್ಕೆ ಬರುವುದನ್ನು ಕಾಯುವುದು ಇವು ನೆನಪಿಟ್ಟುಕೊಳ್ಳಲು ಕಷ್ಟವಾದವೇನಲ್ಲ. ಮಕ್ಕಳನ್ನು ಕೂರಿಸುವ ಮುನ್ನ ದಡದಲ್ಲಿ ಕೈಯನ್ನು ಮಣಿಕಟ್ಟಿನವರೆಗೆ ಅದ್ದಿ ಒಂದು ನಿಮಿಷ ಹಿಡಿದು ನೋಡುವುದು, ಮಗುಚಿದರೆ ಎತ್ತಲು ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಬಾಡಿಗೆ ಕೊಡುವವರನ್ನು ಕೇಳುವುದು ಒಳ್ಳೆಯದು. ಅವರು ಉತ್ತರಿಸಲು ತಡವರಿಸಿದರೆ ಆ ದಿನ ದಡದ ಮೇಲೆ ಚಹಾ ಕುಡಿದು ಸರೋವರವನ್ನು ನೋಡಿಕೊಂಡು ಬರಬಹುದು.